ಎಲ್ಲರಿಗೂ ಅಣ್ಣ, ನನಗೊಬ್ಬಳಿಗೆ ಸರ್

ಅವರ ಮಣ್ಣಿಗೆ ಹೋದ ದಿನ ಬಸ್ಸಿನಿಂದ ಇಳಿದು ನೋಡಿದರೆ ರಸ್ತೆಯ ಎರಡೂ ಬದಿಗೆ ಗಾಡಿಗಳು ನಿಂತಿದ್ದವು. ಅಮೃತಾಪುರದಿಂದ ಸ್ವಲ್ಪ ಆಚೆ ಅವರ ಊರು. ಅಷ್ಟು ಸಣ್ಣ ಊರಿಗೆ ಅಷ್ಟು ಜನ ಎಲ್ಲಿಂದ ಬಂದರೋ. ನಮ್ಮ ಪಾರ್ಸೆಲ್ ಕಂಪನಿಯವರು ಬಂದಿದ್ದು ಸರಿ, ನಮಗೆ ಪೈಪೋಟಿ ಕೊಡುವ ಕಂಪನಿಯವರೂ ಯೂನಿಫಾರಂ ಟೀ ಶರ್ಟಿನಲ್ಲೇ ಬಂದು ತೆಂಗಿನ ಮರಗಳ ಕೆಳಗೆ ತಲೆ ತಗ್ಗಿಸಿ ನಿಂತಿದ್ದರು. ಕಡೂರಿನ ಮೊಬೈಲ್ ಅಂಗಡಿಯವರು, ತರೀಕೆರೆಯ ಬಟ್ಟೆ ಅಂಗಡಿಯವರು, ಮುಖ ನೋಡದಿದ್ದರೂ ವಿಳಾಸ ಮಾತ್ರ ನನಗೆ ಬಾಯಿಪಾಠವಾಗಿದ್ದ ಎಷ್ಟೋ ಗಿರಾಕಿಗಳು ಅಲ್ಲಿದ್ದರು. ನಾನು ಬೆಳಗಿನ ಲೋಡನ್ನೆಲ್ಲ ಹೊರಡಿಸಿ, ತರೀಕೆರೆಯಲ್ಲಿ ಬಸ್ಸು ಬದಲಾಯಿಸಿ ಬಂದಿದ್ದೆ. ನಮ್ಮ ಹಳೇ ಲೋಡರ್ ಒಬ್ಬ ಅಳುತ್ತಾ ನಿಂತಿದ್ದವನು ನನ್ನನ್ನು ನೋಡಿ ಕಣ್ಣೊರೆಸಿಕೊಂಡು, "ಈಗ ಬಂದ್ರಾ ಮೇಡಂ" ಅಂದ. ಅಷ್ಟೇ ಅಂದದ್ದು. ಆದರೆ ಅದರಲ್ಲಿ ಎಲ್ಲವೂ ಇತ್ತು.

ಹಾರ ಹಾಕಿ, ಕೈ ಮುಗಿದು, ಒಂದು ಪಕ್ಕಕ್ಕೆ ಬಂದು ನಿಂತೆ. ಆಗ ನನ್ನ ಮನಸ್ಸಿಗೆ ಬಂದದ್ದು ದುಃಖವಲ್ಲ. ನಾನು ಸತ್ತರೆ ಇದರಲ್ಲಿ ಕಾಲು ಭಾಗ ಜನವೂ ಬರುವುದಿಲ್ಲ ಅನ್ನುವುದು ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವವರು ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನಂತೂ ಪಟ್ಟೆ. ಇದನ್ನು ಬರೆಯುತ್ತಿರುವ ಹೊತ್ತಿಗೂ ಅದು ಪೂರ್ತಿ ಆರಿಲ್ಲ.

ಅವರು ಕಡೂರಿನ ನಮ್ಮ ಗೋಡೌನಿಗೆ ಮ್ಯಾನೇಜರ್, ನಾನು ಅವರ ಕೈಕೆಳಗೆ ಸೂಪರ್‌ವೈಸರ್. ಲೋಡರ್‌ಗಳಿಗೆ, ಡ್ರೈವರ್‌ಗಳಿಗೆ, ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್ ಕೊಡುವವರಿಗೆ, ಕೊನೆಗೆ ಎದುರಿನ ಟೀ ಅಂಗಡಿಯವನಿಗೂ ಅವರು ಅಣ್ಣ. ನನಗೊಬ್ಬಳಿಗೆ ಸರ್. ಅಣ್ಣ ಅಂದುಬಿಟ್ಟರೆ ಆಮೇಲೆ ಅವರಿಗೆ ಏನನ್ನೂ ಗಟ್ಟಿಯಾಗಿ ಹೇಳಲು ಆಗುವುದಿಲ್ಲ ಎಂದು ನಾನು ಮೊದಲ ವಾರವೇ ಕಂಡುಕೊಂಡಿದ್ದೆ.

ಗೋಡೌನು ಅಂದರೆ ಮೊದಲು ಕೊಬ್ಬರಿ ದಾಸ್ತಾನು ಮಾಡುತ್ತಿದ್ದ ತಗಡಿನ ಶೆಡ್ಡು. ಈಗಲೂ ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ ಬರುತ್ತದೆ. ಬೆಳಿಗ್ಗೆ ಬೆಂಗಳೂರಿನಿಂದ ಲಾರಿ ಬರುತ್ತದೆ. ಇಳಿಸಿದ ಪಾರ್ಸೆಲ್‌ಗಳನ್ನು ಕಡೂರು, ತರೀಕೆರೆ, ಅಜ್ಜಂಪುರ ಎಂದು ಬೇರೆ ಮಾಡಬೇಕು. ಕಡೂರಿನದ್ದು ಬೈಕುಗಳಿಗೆ, ಉಳಿದದ್ದು ಎರಡು ವ್ಯಾನಿಗೆ. ಬೀರೂರಿನಲ್ಲಿ ದಾರಿ ಕವಲೊಡೆಯುತ್ತದೆ, ಒಂದು ತರೀಕೆರೆಗೆ, ಒಂದು ಅಜ್ಜಂಪುರಕ್ಕೆ. ಇಲ್ಲಿ ತಪ್ಪು ವ್ಯಾನಿಗೆ ಹಾಕಿದ ಡಬ್ಬ ಅವತ್ತು ಊರು ಸುತ್ತಿ ಸಂಜೆಗೆ ನಮ್ಮ ಹತ್ತಿರವೇ ವಾಪಸ್ಸು ಬರುತ್ತದೆ. ಕೆಲಸ ಇಷ್ಟೇ. ಇದರಲ್ಲಿ ಗುಟ್ಟೇನೂ ಇಲ್ಲ. ಬೇರೆ ಮಾಡಿ ಇಡಬೇಕು, ಹೊತ್ತಿಗೆ ಸರಿಯಾಗಿ ಕಳಿಸಬೇಕು.

ಅವರಿಗೆ ಇವೆರಡೇ ಬರುತ್ತಿರಲಿಲ್ಲ.

ದಪ್ಪ ಮೈ, ನಡೆದರೆ ಸ್ವಲ್ಪ ಎಡಕ್ಕೆ ವಾಲುತ್ತಿದ್ದರು. ಅಂಗಿಯ ಜೇಬಿನಲ್ಲಿ ಮುಚ್ಚಳ ಇಲ್ಲದ ಪೆನ್ನು, ಅದರ ಕೆಳಗೆ ಯಾವಾಗಲೂ ಒಂದು ನೀಲಿ ಕಲೆ. ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಊಟದ ಹೊತ್ತಿಗೆ ಎಲ್ಲರ ಡಬ್ಬಿಯ ಹತ್ತಿರ ಹೋಗಿ, "ಏನಪ್ಪಾ ಇವತ್ತು ಸಾರು" ಅಂತ ಕೇಳಿ, ಒಂದು ತುತ್ತು ತಿಂದು, ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಅನ್ನುತ್ತಿದ್ದರು. ಅವರ ಡಬ್ಬಿ ಯಾರು ಬೇಕಾದರೂ ತೆಗೆಯಬಹುದಿತ್ತು. ಏನೇ ತೊಂದರೆ ಬಂದರೂ ಅವರ ಬಾಯಲ್ಲಿ ಒಂದೇ ಮಾತು: "ಆಯ್ತದೆ ಬಿಡು."

ಆಗುತ್ತಿರಲಿಲ್ಲ. ಅಜ್ಜಂಪುರ ಬೇರೆ ತಾಲ್ಲೂಕಾಗಿ ಎಷ್ಟು ಕಾಲವಾದರೂ ಕಂಪನಿಯ ಕಂಪ್ಯೂಟರಿನಲ್ಲಿ ಅದಿನ್ನೂ ತರೀಕೆರೆಯೊಳಗೇ ಇತ್ತು. ಹಾಗಾಗಿ ಅಲ್ಲಿಯ ಅರ್ಧ ಪಾರ್ಸೆಲ್‌ಗಳ ಚೀಟಿಯ ಮೇಲೆ ತರೀಕೆರೆ ಅಂತಲೇ ಬರುತ್ತಿತ್ತು. ಮೇಲಿನವರಿಗೆ ಹೇಳಿ ಸರಿ ಮಾಡಿಸಿ ಎಂದು ನಾನು ಬಡಿದುಕೊಂಡೆ. ಅವರು ಏರಿಯಾ ಮ್ಯಾನೇಜರಿಗೆ ಫೋನ್ ಮಾಡಿದರು, ಮಾತಾಡಿದರು, ನಕ್ಕರು, ಇಟ್ಟರು.

"ಏನಂದ್ರು ಸರ್?"

"ಅವರ ತಾಯಿಗೆ ಮಂಡಿ ನೋವಂತೆ ಕಣಮ್ಮ. ಪಾಪ, ಅದೇ ಮಾತಾಯ್ತು."

"ಅಜ್ಜಂಪುರದ್ದು?"

"ಅಯ್ಯೋ, ಮರೆತೇಬಿಟ್ಟೆ ನೋಡು. ನಾಳೆ ಹೇಳೋಣ, ಆಯ್ತದೆ ಬಿಡು."

ಮೇಲಿನವರು ಏನೂ ಕಡಿಮೆ ಇರಲಿಲ್ಲ. ಹಾಳಾದ ಸ್ಕ್ಯಾನರ್ ರಿಪೇರಿಗೆ ಹೋದರೆ ಹೋದದ್ದೇ. ಹಬ್ಬದ ಸೇಲ್ ಬಂದರೆ ಒಂದು ಲಾರಿಯ ಬದಲು ಎರಡು ಕಳಿಸುತ್ತಿದ್ದರು, ವ್ಯಾನು ಮಾತ್ರ ಅಷ್ಟೇ. ಇಲ್ಲ, ನಮ್ಮಿಂದ ಆಗುವುದಿಲ್ಲ ಎಂದು ಹೇಳುವುದು ಮ್ಯಾನೇಜರಾದವರ ಕೆಲಸ. ನಮ್ಮವರು ಅಂಥ ಫೋನು ಬಂದಾಗಲೆಲ್ಲ "ಕಳಿಸಿ ಸರ್, ಮಾಡ್ತೀವಿ" ಅನ್ನುತ್ತಿದ್ದರು. ರಜೆಯ ವಿಷಯವೂ ಅಷ್ಟೇ. ಯಾರು ಕೇಳಿದರೂ ಹೂಂ. ಒಂದು ಸೋಮವಾರ ಬಂದು ನೋಡಿದರೆ ಲೋಡರ್‌ಗಳಲ್ಲಿ ಒಬ್ಬನ ನಾಮಕರಣ, ಇನ್ನೊಬ್ಬನ ಗೃಹಪ್ರವೇಶ, ಮೂರನೆಯವನಿಗೆ ಸುಮ್ಮನೆ ಬೇಜಾರು. ಅವತ್ತು ಲಾರಿಯಿಂದ ನಾನೂ ಇಳಿಸಿದೆ, ಅವರೂ ಇಳಿಸಿದರು. ಅವರು ಇಳಿಸಿದ್ದನ್ನು ಎಲ್ಲರೂ ವರ್ಷಗಟ್ಟಲೆ ನೆನೆಸಿಕೊಂಡರು. "ಮ್ಯಾನೇಜರ್ ಆಗಿ ಹೆಗಲ ಮೇಲೆ ಡಬ್ಬ ಹೊತ್ತ ಕಣ್ರೀ ಆ ಮನುಷ್ಯ" ಅಂತ. ನಾನು ಹೊತ್ತದ್ದು ಯಾರ ನೆನಪಿನಲ್ಲೂ ಇಲ್ಲ.

ಒಂದು ಸಲ ತರೀಕೆರೆಯ ಗಿರಾಕಿಯೊಬ್ಬ ಬೈಕಿನಲ್ಲಿ ಉರಿದುಕೊಂಡು ಬಂದ. ಅವನ ಹೆಂಡತಿ ಟೈಲರ್, ಹೊಲಿಗೆ ಮೆಷಿನ್ನಿನ ಮೋಟಾರು ತರಿಸಿದ್ದರು. ಮೊಬೈಲಿನಲ್ಲಿ ನೋಡಿದರೆ ಡೆಲಿವರಿ ಆಗಿದೆ ಅಂತ ತೋರಿಸುತ್ತಿದೆ, ಮೋಟಾರು ಬಂದಿಲ್ಲ. ಬಾಗಿಲಲ್ಲೇ ಕೂಗಾಡಲು ಶುರುಮಾಡಿದ.

"ಯಜಮಾನ್ರೇ, ತಪ್ಪು ನಮ್ದೇ" ಅಂದರು ನಮ್ಮವರು. "ಬೈರಿ, ಇನ್ನೂ ಬೈರಿ. ಆದ್ರೆ ಬಿಸಿಲಲ್ಲಿ ಬಂದಿದೀರ, ಮೊದ್ಲು ಒಂದು ಲೋಟ ನೀರು ಕುಡೀರಿ."

"ನೀರು ಬ್ಯಾಡ ಕಣ್ರೀ. ನನ್ ಮೋಟ್ರು ಕೊಡ್ರಿ."

"ಕೊಡ್ತೀನಿ. ಮನೆಯವರಿಗಾ ಮೋಟ್ರು? ಏನೇನ್ ಹೊಲೀತಾರೆ?"

ಅವನು ಹೆಂಡತಿಯ ಬ್ಲೌಸಿನ ಕೆಲಸದ ಬಗ್ಗೆ, ಕಾಲಲ್ಲಿ ತುಳಿದು ತುಳಿದು ಅವಳಿಗೆ ಬಂದ ಸೊಂಟ ನೋವಿನ ಬಗ್ಗೆ ಹೇಳಿಕೊಳ್ಳುತ್ತಾ ಕೂತ. ಟೀ ಬಂತು. ಅಷ್ಟು ಹೊತ್ತೂ ನಾನು ಅಜ್ಜಂಪುರದ ರಾಶಿಯೊಳಗೆ ಮಂಡಿಯೂರಿ ಹುಡುಕುತ್ತಿದ್ದೆ. ನಾಯಿ ತಿಂಡಿಯ ಮೂಟೆಗಳ ಕೆಳಗೆ ಸಿಕ್ಕಿತು. ಧೂಳು ಒರೆಸಿ ತಂದೆ. ಅವರು ನನ್ನ ಕೈಯಿಂದ ತೆಗೆದುಕೊಂಡು ಅವನ ಕೈಗಿಟ್ಟರು. ಅವನು ಅವರ ಎರಡೂ ಕೈ ಹಿಡಿದುಕೊಂಡು, "ನಿಮ್ಮಂಥೋರು ಇರೋದಕ್ಕೆ ಆಯ್ತು ಕಣ್ರೀ" ಅಂದ. ಮುಂದಿನ ವಾರ ಒಂದು ಚೀಲ ಬದನೆಕಾಯಿ ತಂದು ಅಣ್ಣನಿಗೆ ಅಂತ ಕೊಟ್ಟು ಹೋದ. ಅವರು ಎಲ್ಲರಿಗೂ ಹಂಚಿದರು. ನಾನೂ ತಂದು ಎಣ್ಣೆಗಾಯಿ ಮಾಡಿದೆ. ನಮ್ಮ ಮನೆಯವರು ಎರಡು ಸಲ ಹಾಕಿಸಿಕೊಂಡು ತಿಂದು, "ನಿಮ್ ಮ್ಯಾನೇಜರ್ರು ಒಳ್ಳೇ ಮನುಷ್ಯ ಕಣೇ" ಅಂದರು.

ಅವರು ಬರೀ ಬಾಯಿಮಾತಿನ ಮನುಷ್ಯ ಆಗಿದ್ದರೆ ನನಗೆ ಸುಲಭ ಆಗುತ್ತಿತ್ತು. ಹಾಗಿರಲಿಲ್ಲ. ಒಮ್ಮೆ ಕಡೂರಿನವನೇ ಒಬ್ಬ, ತಡವಾದ ಪಾರ್ಸೆಲ್ಲಿಗೆ ನನ್ನ ಮೇಲೆ ಎಗರಿ ಬಂದು, ಹೆಂಗಸಿಗೆ ಅನ್ನಬಾರದ ಮಾತೊಂದನ್ನು ಅಂದುಬಿಟ್ಟ. ನಾನು ಸ್ಕ್ಯಾನರ್ ಹಿಡಿದು ಹಾಗೇ ನಿಂತೆ. ಅವರು ಒಳಗಿನಿಂದ ಬಂದರು. ದನಿ ಏರಿಸಲಿಲ್ಲ. ಪಾರ್ಸೆಲ್ಲನ್ನು ತೆಗೆದು ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು.

"ಇದು ನಿಮ್ದೇ, ಕೊಡ್ತೀನಿ. ಅದಕ್ ಮುಂಚೆ ಈ ಅಮ್ಮಂಗೆ ಕೈ ಮುಗೀರಿ."

"ನಾನ್ಯಾಕ್ರೀ ಮುಗೀಲಿ? ದುಡ್ಡು ಕೊಟ್ಟಿದೀನಿ."

"ಸಾಮಾನಿಗೆ ಕೊಟ್ಟಿದೀರ. ಈ ಮಾತಿಗೆ ಕೊಟ್ಟಿಲ್ಲ. ನಾನ್ ಇಲ್ಲೇ ಇರ್ತೀನಿ, ನಿಧಾನವಾಗಿ ಯೋಚ್ನೆ ಮಾಡಿ."

ಅವನು ಕೊನೆಗೆ ಕೈ ಮುಗಿದ. ನನಗೆ ಅಳು ಬಂತು. ಮನೆಗೆ ಹೋಗುವ ದಾರಿಯಲ್ಲಿ ಸ್ಕೂಟರ್ ಓಡಿಸುತ್ತಾ ಯೋಚಿಸಿದೆ: ಆ ಪಾರ್ಸೆಲ್ ತಡವಾದದ್ದು ಯಾಕೆ? ಅವರು ಬೈಕಿನವನೊಬ್ಬನಿಗೆ ಹೇಳದೆ ಕೇಳದೆ ರಜೆ ಕೊಟ್ಟದ್ದಕ್ಕೆ. ಆ ಬೈಗುಳ ನನ್ನ ತನಕ ಬಂದದ್ದು ಅವರ ದೆಸೆಯಿಂದ. ಅದರಿಂದ ನನ್ನನ್ನು ಬಿಡಿಸಿದವರೂ ಅವರೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸಂಜೆ ಪೂರ್ತಿ ಪ್ರಯತ್ನಪಟ್ಟೆ, ಆಗಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವರ ತಮ್ಮನಿಗೆ ಶಿವಮೊಗ್ಗದಲ್ಲಿ ಆಪರೇಷನ್ ಆದಾಗ ಒಂದು ವಾರ ಬರಲಿಲ್ಲ. ಆ ವಾರವನ್ನು ನಾನು ಜೀವಮಾನದಲ್ಲಿ ಮರೆಯುವುದಿಲ್ಲ. ಶನಿವಾರವೇ ಒಂದು ಡಬ್ಬಿ ಹಳದಿ ಬಣ್ಣ ತರಿಸಿ, ಗೋಡೌನಿನ ನೆಲದ ಮೇಲೆ ಮೂರು ಊರಿಗೂ ಬೇರೆ ಬೇರೆ ಚೌಕ ಬರೆಸಿದೆ. ಅಜ್ಜಂಪುರದ ರಾಶಿ ಮಾಡು ಸೋರುವ ಜಾಗದಲ್ಲಿತ್ತು, ಅದನ್ನು ಒಣ ಕಡೆಗೆ ತಂದೆ. ವ್ಯಾನಿನಲ್ಲಿ ಕೊನೆಯ ಮನೆಯದ್ದು ಒಳಗೆ, ಮೊದಲ ಮನೆಯದ್ದು ಬಾಗಿಲ ಹತ್ತಿರ. ಚೀಟಿಯನ್ನು ನಂಬದೆ ಊರಿನ ಹೆಸರು ಓದಿ ಹಾಕಿ ಎಂದೆ. ಆ ವಾರ ಒಂದೂ ಡಬ್ಬ ವಾಪಸ್ಸು ಬರಲಿಲ್ಲ. ಫೋನು ಸುಮ್ಮನಿತ್ತು. ಜಗಳಕ್ಕೆ ಯಾರೂ ಬರಲಿಲ್ಲ. ಯಾರೂ ಬರಲಿಲ್ಲ ಅನ್ನುವುದೇ ನನ್ನ ಸಾಧನೆ. ಅದನ್ನು ಯಾರಿಗೆ ತೋರಿಸುವುದು?

ಗುರುವಾರ ಡ್ರೈವರ್ ಒಬ್ಬ ಟೀ ಕುಡಿಯುತ್ತಾ ಅಂದ: "ಅಣ್ಣ ಯಾವಾಗ ಬತ್ತಾರೆ ಮೇಡಂ? ಗೋಡೌನು ಬಿಕೋ ಅಂತೈತೆ."

ಅವರು ಬಂದು ಹಳದಿ ಗೆರೆಗಳನ್ನು ನೋಡಿ ನಿಜವಾಗಿಯೂ ಸಂತೋಷಪಟ್ಟರು. "ಏನಮ್ಮ, ಶಾಲೆ ಥರ ಮಾಡ್ಬಿಟ್ಟಿದೀಯ" ಎಂದು ಗೆರೆಯ ಮೇಲೆ ಕಾಲಿಡದೆ ದಾಟಿಕೊಂಡು ಓಡಾಡಿದರು. ಒಂದೆರಡು ದಿನ ಅಷ್ಟೇ. ವಾರ ಮುಗಿಯುವುದರೊಳಗೆ ಡಬ್ಬಗಳ ಅಡಿಯಲ್ಲಿ ಗೆರೆ ಕಾಣುತ್ತಿರಲಿಲ್ಲ, ಅಜ್ಜಂಪುರದ ರಾಶಿ ಮತ್ತೆ ಸೋರುವ ಜಾಗಕ್ಕೇ ಹೋಗಿತ್ತು.

ಆ ವರ್ಷದ ದೀಪಾವಳಿಯ ಹೊತ್ತಿಗೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲಾರಿಗಳ ಮೇಲೆ ಲಾರಿ ಬಂದು ಅಜ್ಜಂಪುರದ ರಾಶಿ ನನ್ನ ತಲೆಗಿಂತ ಎತ್ತರಕ್ಕೆ ಬೆಳೆದಿತ್ತು. ಅಜ್ಜಂಪುರದಿಂದ ಒಬ್ಬ ವಯಸ್ಸಾದ ಹೆಂಗಸು ದಿನಾ ಫೋನ್ ಮಾಡುತ್ತಿದ್ದರು.

"ಒಂದ್ ಸಾಮಾನು ಬರ್ಬೇಕಿತ್ತು ಕಣಮ್ಮ."

"ಏನ್ ಸಾಮಾನಮ್ಮ?"

"ಅದು... ಔಷಧಿ ಥರದ್ದು."

ಮೊದಲೆರಡು ಸಲ ಅಷ್ಟೇ ಹೇಳಿ ಇಟ್ಟರು. ಆಮೇಲೊಂದು ದಿನ ದನಿ ಸಣ್ಣ ಮಾಡಿಕೊಂಡು, ಪಕ್ಕದಲ್ಲಿ ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ಹೇಳಿದರು: "ನಮ್ಮನೆಯವ್ರಿಗೆ ಹೊಟ್ಟೆ ಆಪರೇಷನ್ ಆಗೈತೆ. ಪಕ್ಕದಲ್ಲಿ ಚೀಲ ಕಟ್ತಾರಲ್ಲ, ಹೊರಕಡೆಗೆ ಹೋಗೋದು ಅದ್ರೊಳಕ್ಕೆ ಬೀಳುತ್ತೆ, ಆ ಚೀಲ. ಇರೋದೆಲ್ಲ ಮುಗೀತು. ಬಟ್ಟೆ ಸುತ್ತಿ ಕೂರ್ಸಿದೀನಿ. ವಾಸ್ನೆ ಬರುತ್ತೆ ಅಂತ ಅವ್ರು ಕೋಣೆಯಿಂದ ಆಚೆಗೇ ಬರ್ತಾ ಇಲ್ಲ. ಊಟಾನೂ ಬಿಟ್ಟವ್ರೆ."

ಮಾರನೆಯ ಬೆಳಿಗ್ಗೆ ಮ್ಯಾನೇಜರು ಒಳಗೆ ಬರುತ್ತಲೇ ನಾನು ಎದುರು ಹೋಗಿ ನಿಂತೆ. "ಸರ್, ಇವತ್ತು ಅಜ್ಜಂಪುರಕ್ಕೆ ವ್ಯಾನು ಹೋಗ್ಲೇಬೇಕು. ಇನ್ನೊಂದು ವ್ಯಾನು ಹೆಂಗೂ ಗ್ಯಾರೇಜಲ್ಲಿದೆ. ತರೀಕೆರೆ ಒಂದಿನ ನಿಲ್ಲಲಿ." ವಿಷಯವನ್ನೂ ಹೇಳಿದೆ. ಅವರು ಮುಖ ಚಿಕ್ಕದು ಮಾಡಿಕೊಂಡು, "ಖಂಡಿತ ಕಣಮ್ಮ, ಮೊದಲು ಅದೇ" ಅಂದರು.

ನಾನು ಹಿಂದಿನ ಬಾಗಿಲಲ್ಲಿ ಲಾರಿ ಇಳಿಸುತ್ತಿದ್ದೆ. ಅಷ್ಟರಲ್ಲಿ ಮುಂದಿನ ಬಾಗಿಲಿಗೆ ತರೀಕೆರೆಯ ಬಟ್ಟೆ ಅಂಗಡಿಯವರು ಬಂದು, ಹಬ್ಬದ ಮಾಲು ಇಲ್ಲೇ ಕೂತರೆ ನಾನು ಏನು ಮಾರಲಿ ಅಣ್ಣ ಎಂದು ಅತ್ತುಕೊಂಡಿದ್ದಾರೆ. ಎದುರಿಗೆ ನಿಂತು ಅಳುವವರಿಗೆ ಇಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅಜ್ಜಂಪುರದವರು ಫೋನಿನಲ್ಲಿ ಅತ್ತಿದ್ದರು, ಅದೂ ನನ್ನ ಹತ್ತಿರ. ನಾನು ಮುಂದಕ್ಕೆ ಬಂದು ನೋಡುವಾಗ ವ್ಯಾನು ಇರಲಿಲ್ಲ.

"ಸರ್, ವ್ಯಾನು?"

ಅವರು ನನ್ನ ಮುಖ ನೋಡಿದರು. ಆಮೇಲೆ ಹಣೆಗೆ ಕೈ ಹಚ್ಚಿಕೊಂಡು ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟರು.

ಇಬ್ಬರೂ ರಾಶಿಗೆ ಇಳಿದೆವು. ಮಧ್ಯಾಹ್ನದ ಊಟ ಬಿಟ್ಟು ಹುಡುಕಿದೆವು. ಸಿಕ್ಕಿದ್ದು ನನ್ನ ಕೈಗೆ. ಹೊರಗೆ ಮಳೆ ಹಿಡಿದಿತ್ತು.

"ಕೊಡಿ ಸರ್, ನಾನೇ ಸ್ಕೂಟರಲ್ಲಿ ಕೊಟ್ಟು ಬರ್ತೀನಿ" ಅಂದೆ.

"ಬ್ಯಾಡಮ್ಮ. ನಿನ್ ಮಗಳು ಸ್ಕೂಲಿಂದ ಬರೋ ಹೊತ್ತು. ತಪ್ಪು ಮಾಡ್ದೋನು ನಾನು, ನಾನೇ ಹೋಗ್ತೀನಿ."

ತಮ್ಮ ರೇನ್‌ಕೋಟನ್ನು ಪಾರ್ಸೆಲ್ಲಿಗೆ ಸುತ್ತಿ ಕಟ್ಟಿ, ತಾವು ಬರೀ ಅಂಗಿಯಲ್ಲಿ ಬೈಕು ಹತ್ತಿ ಹೋದರು.

ಮಾರನೆಯ ದಿನ ಅಜ್ಜಂಪುರದ ಯಾರೋ ಹಾಕಿದ ಫೋಟೋ ಕಡೂರಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಬಂತು. ಒಂದು ಮಂಚದ ಮೇಲೆ ವಯಸ್ಸಾದ ಯಜಮಾನರು, ಪಕ್ಕದಲ್ಲಿ ನೀರಿಳಿಯುವ ಅಂಗಿಯಲ್ಲಿ ನಮ್ಮ ಮ್ಯಾನೇಜರು, ಕೈಯಲ್ಲಿ ಕಾಫಿ ಲೋಟ, ಇಬ್ಬರೂ ನಗುತ್ತಿದ್ದಾರೆ. ಕೆಳಗೆ 'ಇಂಥವರೂ ಇದ್ದಾರೆ' ಎಂದು ಬರೆದಿತ್ತು. ನಮ್ಮ ಮನೆಯವರು ಅದನ್ನು ನನಗೇ ತೋರಿಸಿದರು.

"ನೋಡೇ ಇಲ್ಲಿ. ಎಂಥಾ ಮನುಷ್ಯ ನೋಡು."

"ರೀ, ನಿನ್ನೆ ಬೆಳಿಗ್ಗೆ ವ್ಯಾನು ಬಾಗಿಲಲ್ಲೇ ಇತ್ತು" ಅಂದೆ. "ನಾನ್ ಹೇಳಿದ್ ಹಂಗೆ ಕಳ್ಸಿದ್ರೆ ಹನ್ನೊಂದು ಗಂಟೆಗೆಲ್ಲ ಅವರ ಮನೇಲಿ ಇರ್ತಿತ್ತು. ಮಳೆಗೆ ಮುಂಚೇನೇ."

"ಸರಿ ಕಣೇ. ಆದ್ರೂ ಮಳೇಲಿ ಹೋದ್ರಲ್ಲ."

ಫೋನು ಅವರ ಕೈಗೆ ವಾಪಸ್ಸು ಕೊಟ್ಟೆ. ವ್ಯಾನು ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಯಾರೂ ನೆನೆಯುತ್ತಿರಲಿಲ್ಲ, ಆ ಹೆಂಗಸು ಕಾಫಿ ಸೋಸುತ್ತಿರಲಿಲ್ಲ, ಯಾರೂ ಫೋಟೋ ತೆಗೆಯುತ್ತಿರಲಿಲ್ಲ. ಯಜಮಾನರು ಅವತ್ತು ಮಧ್ಯಾಹ್ನ ನೆಮ್ಮದಿಯಾಗಿ ಊಟ ಮಾಡುತ್ತಿದ್ದರು, ಅಷ್ಟೇ. ನನಗೆ ಗೊತ್ತಿದ್ದದ್ದು ಆ ಊಟ ಸಿಗುವ ಹಾಗೆ ಮಾಡುವ ಕೆಲಸ. ಅದರ ಫೋಟೋ ಯಾರೂ ತೆಗೆಯುವುದಿಲ್ಲ.

ಏರಿಯಾ ಮ್ಯಾನೇಜರ್ ವಿಡಿಯೋ ಕಾಲಿನಲ್ಲಿ ಎಲ್ಲ ಗೋಡೌನುಗಳ ಮುಂದೆ ಅವರನ್ನು ಹೊಗಳಿ ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ. ಅಂಗೈ ಕೆಂಪಾಗುವ ಹಾಗೆ ತಟ್ಟಿದೆ. ಕಡಿಮೆ ತಟ್ಟಿದರೆ ಹೊಟ್ಟೆಕಿಚ್ಚು ಕಾಣಿಸಿಬಿಡುತ್ತದೆ ಅನ್ನುವ ಭಯ.

ಹಬ್ಬ ಮುಗಿದ ಮೇಲೆ ಅದೇ ಏರಿಯಾ ಮ್ಯಾನೇಜರ್ ಕಾರಿನಲ್ಲಿ ಖುದ್ದಾಗಿ ಬಂದರು. ಸಣ್ಣ ವಯಸ್ಸಿನವರು. ಅಜ್ಜಂಪುರದ ರಾಶಿಯ ಮುಂದೆ ನಿಂತು, "ಏನ್ರೀ ಇದು?" ಅಂದರು. ಅದರಲ್ಲಿ ಕೆಲವು ಡಬ್ಬಗಳು ಮಾಡಿನ ನೀರು ಬಿದ್ದು ಹಪ್ಪಳದ ಹಾಗೆ ಉಬ್ಬಿದ್ದವು. ಎರಡೆರಡು ಲಾರಿ ಕಳಿಸಿ ವ್ಯಾನು ಕೊಡದವರು ನೀವೇ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನಾನು ಹೇಳಿದೆ ಕೂಡ. ಅವರು ಕೇಳಿಸಿಕೊಳ್ಳಲಿಲ್ಲ. ನಮ್ಮ ಮ್ಯಾನೇಜರು ಮಾತ್ರ ಒಂದು ನೆಪವನ್ನೂ ಹೇಳಲಿಲ್ಲ.

"ಎಲ್ಲಾ ನನ್ ತಪ್ಪು ಸರ್. ಈ ಅಮ್ಮ ಹೇಳ್ತಾನೇ ಇದ್ರು, ನಾನೇ ಕೇಳ್ಲಿಲ್ಲ. ಇವರ ಕೈಗೆ ಕೊಡಿ, ಗೋಡೌನು ಸರಿಹೋಗುತ್ತೆ."

ಆ ವಾರವೇ ಅವರನ್ನು ತೆಗೆದರು. ನನ್ನನ್ನು ಮ್ಯಾನೇಜರ್ ಮಾಡಿದರು. ಇಷ್ಟು ವರ್ಷ ದುಡಿದು ನಾನು ಸಂಪಾದಿಸಿದ ಕುರ್ಚಿ, ಕೊನೆಗೆ ಅವರು ಕೊಟ್ಟು ಹೋದದ್ದು ಅನ್ನುವ ಹಾಗಾಯಿತು. ಹೊರಡುವ ದಿನ ಎಲ್ಲರನ್ನೂ ತಬ್ಬಿಕೊಂಡು, ಟೀ ಕುಡಿಸಿ, ಫೋಟೋ ತೆಗೆಸಿಕೊಂಡರು. ಅವತ್ತೂ ವ್ಯಾನುಗಳು ತಡವಾಗಿಯೇ ಹೊರಟವು.

ಆಮೇಲೆ ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಮಾಡಿಗೆ ಹೊಸ ತಗಡು ಹಾಕಿಸಿದೆ. ಕಂಪ್ಯೂಟರಿನಲ್ಲಿ ಅಜ್ಜಂಪುರವನ್ನು ಬೇರೆ ಮಾಡಿಸುವ ತನಕ ಮೇಲಿನವರಿಗೆ ನಿದ್ದೆ ಮಾಡಲು ಬಿಡಲಿಲ್ಲ. ರಜೆಗೆ ಸರದಿ ಇಟ್ಟೆ. ಎರಡು ಲಾರಿ ಕಳಿಸುತ್ತೇವೆ ಅಂದಾಗ ಆಗುವುದಿಲ್ಲ ಅಂದೆ, ಅವರು ಮೂರನೇ ವ್ಯಾನು ಕೊಟ್ಟರು. ಒಳ್ಳೆಯ ಲೋಡರ್‌ಗಳಿಬ್ಬರು ಪೈಪೋಟಿಯ ಕಂಪನಿಗೆ ಹೋದರು. ಯಾಕಪ್ಪಾ ಎಂದರೆ, "ಏನಿಲ್ಲ ಮೇಡಂ, ಹಂಗೇ" ಅಂದರು. ಫೋನು ಬಂದರೆ ಈಗಲೂ ಅರ್ಧ ಜನ ಮೊದಲು ಕೇಳುವುದು, "ಅಣ್ಣ ಇಲ್ವಾ?"

ಅವರು ಊರಿಗೆ ಹೋಗಿ ತೋಟ ನೋಡಿಕೊಂಡಿದ್ದರು. ಒಂದು ಸಲ ಕಡೂರಿಗೆ ಬಂದವರು ಗೋಡೌನಿಗೂ ಬಂದರು, ಎಲ್ಲರಿಗೂ ಎಳನೀರು ತಂದಿದ್ದರು. ಖಾಲಿ ನೆಲದ ನಡುವೆ ನಿಂತು ಸುತ್ತಲೂ ನೋಡಿ, "ಏನಮ್ಮ, ಇಷ್ಟೊಂದು ಜಾಗ ಐತೇನು ಇಲ್ಲಿ? ನನಗೆ ಗೊತ್ತೇ ಇರ್ಲಿಲ್ಲ" ಅಂದರು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದರೆ ನಾನೂ ಒಂದು ಮಾತು ಅಂದು ಹಗುರಾಗುತ್ತಿದ್ದೆ. ಅವರು ಇದ್ದಷ್ಟು ಹೊತ್ತು ಯಾರೂ ಕೆಲಸ ಮಾಡಲಿಲ್ಲ. ಗೋಡೌನಿನ ತುಂಬ ನಗು. ನಾನು ನನ್ನ ಎಳನೀರು ಹಿಡಿದುಕೊಂಡು ಗಡಿಯಾರ ನೋಡುತ್ತಾ ನಿಂತಿದ್ದೆ.

ನಾನು ಅವರನ್ನು ಕಂಡದ್ದು ಅದೇ ಕೊನೆ. ತೋಟದಲ್ಲಿ ನೀರು ತಿರುಗಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ.

ಮಣ್ಣು ಮುಗಿದ ಕೆಲವು ದಿನಕ್ಕೆ ಅಜ್ಜಂಪುರದ ಕಡೆ ಪಾರ್ಸೆಲ್ ಹಂಚುವವನಿಗೆ ಜ್ವರ ಬಂತು. ಬೇರೆ ಯಾರೂ ಇರಲಿಲ್ಲ. ಡ್ರೈವರ್ ಜೊತೆ ವ್ಯಾನಿನಲ್ಲಿ ನಾನೇ ಹೋದೆ. ಅವತ್ತಿನ ಲೋಡಿನಲ್ಲಿ ಹೊಟ್ಟೆ ಆಪರೇಷನ್ ಆದ ಆ ಯಜಮಾನರ ಮನೆಯ ಚೀಲಗಳ ಪಾರ್ಸೆಲ್ಲೂ ಇತ್ತು. ಅದು ತಿಂಗಳಿಗೊಮ್ಮೆ ಬರುತ್ತದೆ. ನಾನು ಕುರ್ಚಿ ಹಿಡಿದ ಮೇಲೆ ಬಂದ ದಿನವೇ ಅದನ್ನು ಹುಡುಕಿ ವ್ಯಾನಿನ ಬಾಗಿಲ ಹತ್ತಿರ ನನ್ನ ಕೈಯಾರೆ ಇಡುತ್ತಾ ಬಂದಿದ್ದೆ. ಒಂದು ತಿಂಗಳೂ ತಪ್ಪಿಸಿರಲಿಲ್ಲ. ಹಾಗಾಗಿ ಆ ಮನೆಯ ಬಾಗಿಲು ತಟ್ಟುವಾಗ ನನ್ನೊಳಗೆ ಒಂದು ಆಸೆ ಇತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಆ ಹೆಂಗಸೇ ಬಾಗಿಲು ತೆಗೆದರು. ನನ್ನ ಗುರುತಿನ ಚೀಟಿ ನೋಡಿ ಮುಖ ಅರಳಿಸಿದರು.

"ಕಡೂರಿನ ಆಫೀಸಿಂದ ನೀವೇ ಬಂದ್ರಾ? ಅವ್ರು ಕಳ್ಸಿದ್ರಾ?"

"ಯಾರಮ್ಮ?"

"ಅವ್ರೇ ಕಣಮ್ಮ, ಅವತ್ತು ಮಳೇಲಿ ಬಂದ್ರಲ್ಲ. ಹೋಗೋವಾಗ ಹೇಳಿದ್ರು, ಇನ್ಮೇಲೆ ತಡ ಆಗಲ್ಲ ತಾಯಿ, ನಾನ್ ನೋಡ್ಕೋತೀನಿ ಅಂತ. ಅವತ್ತಿಂದ ನೋಡಿ, ಒಂದ್ ಸಲಾನೂ ತಡ ಆಗಿಲ್ಲ. ಎಷ್ಟು ಜನ ಹಿಂಗೆ ಮಾತು ಉಳಿಸ್ಕೋತಾರೆ ಹೇಳಿ."

ನಾನು ಬಾಯಿ ತೆರೆದೆ. ಅದು ನಾನು ಅಂತ ಹೇಳಬೇಕು. ಅಷ್ಟರಲ್ಲಿ ಅವರ ಯಜಮಾನರು ಬೀದಿಯ ಕಡೆಯಿಂದ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ತರಕಾರಿ ಚೀಲ. ಒಬ್ಬರೇ ಸಂತೆಗೆ ಹೋಗಿ ಬಂದಿದ್ದರು. ನನ್ನ ಕೈಯಲ್ಲಿದ್ದ ಡಬ್ಬವನ್ನು ನೋಡಿ, "ಓಹೋ, ಬಂತಾ" ಅಂದರು, ಹಾಲಿನ ಪ್ಯಾಕೆಟ್ ಬಂದವರ ಹಾಗೆ. ಆ ಅಂಗಿಯನ್ನು, ಆ ತರಕಾರಿ ಚೀಲವನ್ನು ನೋಡುತ್ತಾ ನಾನು ಹೇಳಬೇಕಾದ್ದನ್ನು ಬಿಟ್ಟುಬಿಟ್ಟೆ.

ಸತ್ತ ಸುದ್ದಿಯನ್ನು ಮಾತ್ರ ಹೇಳದೆ ಇರಲಾಗಲಿಲ್ಲ. ಹೇಳಿದೆ. ಹೆಂಗಸು ಜಗಲಿಯ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಜಮಾನರು ಚೀಲವನ್ನು ಕೆಳಗಿಟ್ಟು ಬಿಸಿಲಿನಲ್ಲೇ ನಿಂತರು. ಡ್ರೈವರ್ ವ್ಯಾನಿನಿಂದ ಒಂದು ಸಲ ಹಾರನ್ ಮಾಡಿ ಸುಮ್ಮನಾದ.

ಆಕೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಹಂಗಾದ್ರೆ ಇನ್ಮೇಲೆ ಇದನ್ನ ಟೈಮಿಗೆ ಸರಿಯಾಗಿ ಕಳ್ಸೋರು ಯಾರಮ್ಮ?" ಎಂದು ಕೇಳಿದರು.

"ನಾನ್ ನೋಡ್ಕೋತೀನಮ್ಮ" ಅಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

"ನಿಮ್ ಕೈಲಾಗುತ್ತೇನಮ್ಮ?"

"ಪ್ರಯತ್ನ ಮಾಡ್ತೀನಿ" ಎಂದು ಹೇಳಿ, ಡಬ್ಬವನ್ನು ಅವರ ಕೈಗೆ ಕೊಟ್ಟು, ಓಟಿಪಿ ಕೇಳಿದೆ.